ನೆರೆಯ ರೂಟರ್‌ಗಳ ನಡುವಿನ ಪಾಸ್‌ವರ್ಡ್

ಯಾವ ಜಾಲಕ್ಕೆ ಯಾವ ದಾರಿ ಎಂಬುದನ್ನು ರೂಟರ್ ಬಹುಮಟ್ಟಿಗೆ ನೆರೆಯ ರೂಟರ್‌ಗಳಿಂದ ಕೇಳಿ ತಿಳಿಯುತ್ತದೆ. 1988ರಲ್ಲಿ ಅಂತರ್ಜಾಲದ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಆರ್‌ಎಫ್‌ಸಿ 1058 ಆಗಿ ದಾಖಲಾದ ‘ರಿಪ್’ ಪ್ರೋಟೋಕಾಲ್‌ನಲ್ಲಿ, ಹೇಳುತ್ತಿರುವುದು ಯಾರೆಂದು ವಿಚಾರಿಸುವ ಏರ್ಪಾಡೇ ಇರಲಿಲ್ಲ. ಅಂತರ್ಜಾಲ ಆಗ ಹೆಚ್ಚಾಗಿ ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಸೊತ್ತು. ಪರಸ್ಪರ ನಂಬಿಕೆಯ ಮೇಲೆಯೇ ಕೆಲಸ ನಡೆಯುತ್ತಿತ್ತು.

1993ರಲ್ಲಿ ಬಂದ ರಿಪ್ ಎರಡನೇ ಆವೃತ್ತಿ ಪಾಸ್‌ವರ್ಡ್‌ಗೆ ಜಾಗ ಮಾಡಿತು. ಪ್ಯಾಕೆಟ್ಟಿನ ರಚನೆ ಕೆಡದಂತೆ, 25 ದಾರಿಗಳ ಪೈಕಿ ಮೊದಲನೆಯದರ ಸ್ಥಳವನ್ನೇ ಅದಕ್ಕೆ ಬಿಟ್ಟುಕೊಡಲಾಯಿತು. ಜಾಣ ಉಪಾಯವೇ. ಆದರೆ ಆ 16 ಬೈಟ್‌ಗಳ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ತಂತಿಯ ಮೇಲೆ ಸಾಗುತ್ತಿತ್ತು. ದಾರಿ ತಿಳಿಸುವ ಇನ್ನೊಂದು ಪ್ರೋಟೋಕಾಲ್ ಓಎಸ್‌ಪಿಎಫ್‌ನ 8 ಅಕ್ಷರಗಳ ಸರಳ ಪಾಸ್‌ವರ್ಡಿನ ಪಾಡೂ ಅದೇ. ತಪ್ಪಾಗಿ ಜೋಡಿಸಿದ ರೂಟರನ್ನು ಇಂಥ ಪಾಸ್‌ವರ್ಡ್ ದೂರವಿಡುತ್ತಿತ್ತೇ ಹೊರತು ಕದ್ದು ನೋಡುವವನನ್ನಲ್ಲ.

ಗೂಢಲಿಪಿ ತಜ್ಞ ರೊನಾಲ್ಡ್ ರಿವೆಸ್ಟ್ ರೂಪಿಸಿದ ಎಂಡಿ5 ಸೂತ್ರ 1992ರಲ್ಲಿ ಆರ್‌ಎಫ್‌ಸಿಯಾಗಿ ಪ್ರಕಟವಾದ ಮೇಲೆ ಬೇರೆ ಹಾದಿ ತೆರೆಯಿತು. ಸಂದೇಶಕ್ಕೆ ಗುಟ್ಟಿನ ಕೀಲಿಯನ್ನು ಸೇರಿಸಿ ಲೆಕ್ಕ ಹಾಕಿದರೆ 16 ಬೈಟ್‌ಗಳ ಮುದ್ರೆಯೊಂದು ಸಿಗುತ್ತದೆ. ಸಂದೇಶದೊಂದಿಗೆ ಹೋಗುವುದು ಮುದ್ರೆ ಮಾತ್ರ. ಆ ಕಡೆಯ ರೂಟರ್ ತನ್ನ ಕೀಲಿಯಿಂದ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಕೀಲಿಯ ಒಂದಕ್ಷರ ಹೆಚ್ಚುಕಡಿಮೆಯಾದರೂ ಪ್ಯಾಕೆಟ್ ತಿರಸ್ಕೃತ, ನೆರೆಯ ಸಂಬಂಧ ಕುದುರುವುದಿಲ್ಲ. ಓಎಸ್‌ಪಿಎಫ್‌ನಲ್ಲಿ ಪ್ರತಿ ಕೀಲಿಗೂ ಒಂದು ಸಂಖ್ಯೆಯಿರುವುದರಿಂದ, ಹಳೆಯದನ್ನು ಉಳಿಸಿಕೊಂಡೇ ಹೊಸದನ್ನು ಚಾಲ್ತಿಗೆ ತರಬಹುದು.

ಸಂಸ್ಥೆ ಸಂಸ್ಥೆಗಳ ಜಾಲಗಳನ್ನು ಬೆಸೆಯುವ ಬಿಜಿಪಿ ಪ್ರೋಟೋಕಾಲ್‌ಗೆ ಈ ಅನುಕೂಲ ದಕ್ಕಲಿಲ್ಲ. 1998ರ ಆರ್‌ಎಫ್‌ಸಿ 2385, ಬಿಜಿಪಿ ಸಂದೇಶಗಳನ್ನು ಹೊತ್ತೊಯ್ಯುವ ಟಿಸಿಪಿ ಪ್ಯಾಕೆಟ್ಟಿಗೇ ಎಂಡಿ5 ಮುದ್ರೆ ಹಾಕಿಸಿತಾದರೂ ಕೀಲಿಗೆ ಸಂಖ್ಯೆ ಕೊಡಲಿಲ್ಲ. ಎರಡೂ ಕಡೆಯವರು ಹೊತ್ತು ಗೊತ್ತುಮಾಡಿಕೊಂಡು ಬದಲಿಸದಿದ್ದರೆ ಸಂಪರ್ಕವೇ ಕಡಿದು, ಅದರ ಮೂಲಕ ಕಲಿತ ದಾರಿಗಳೆಲ್ಲ ಮಾಯ. 90 ದಿನಕ್ಕೊಮ್ಮೆಯಾದರೂ ಕೀಲಿ ಬದಲಿಸಿ ಎಂಬ 2003ರ ಸಲಹೆ ಹೇಳುವುದಕ್ಕಷ್ಟೇ ಸುಲಭವಾಗಿತ್ತು.

ಬಿಜಿಪಿ ಪಾಸ್‌ವರ್ಡಿಗೆ ನಿಜವಾದ ಬೇಡಿಕೆ ಬಂದದ್ದು 2004ರ ಏಪ್ರಿಲ್‌ನಲ್ಲಿ. ಟಿಸಿಪಿ ಸಂಪರ್ಕವನ್ನು ಹೊರಗಿನವರು ಕಡಿಯಬೇಕಾದರೆ ಸುಮಾರು 429 ಕೋಟಿ ಕ್ರಮಸಂಖ್ಯೆಗಳಲ್ಲಿ ಸರಿಯಾದ ಒಂದನ್ನು ಊಹಿಸಬೇಕೆಂದು ಅದುವರೆಗೆ ಹಲವರು ನಿಶ್ಚಿಂತರಾಗಿದ್ದರು. ಸ್ವೀಕಾರದ ವ್ಯಾಪ್ತಿಯೊಳಗಿನ ಯಾವ ಸಂಖ್ಯೆಯಾದರೂ ಸಾಕು, ಕೆಲವು ಸಾವಿರ ಅಥವಾ ಲಕ್ಷ ಪ್ರಯತ್ನಗಳಲ್ಲಿ ಕೆಲಸ ಮುಗಿಯಬಹುದು ಎಂದು ಭದ್ರತಾ ಸಂಶೋಧಕ ಪಾಲ್ ವಾಟ್ಸನ್ ತೋರಿಸಿದರು. ಜಾಲ ನಡೆಸುವವರು ತರಾತುರಿಯಲ್ಲಿ ನೆರೆಯವರೊಡನೆ ಪಾಸ್‌ವರ್ಡ್ ಗೊತ್ತುಮಾಡಿಕೊಂಡರು.

ಪಾಸ್‌ವರ್ಡ್ ನೆರೆಯವನ ಗುರುತನ್ನು ಖಾತ್ರಿಪಡಿಸುತ್ತದೆ, ಅವನ ಮಾತನ್ನಲ್ಲ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬಿನ ವಿಳಾಸಗಳಿಗೆ ತಾನೇ ದಾರಿ ಎಂದು ಸಾರಿದಾಗ ಅದು ಹೊರಜಗತ್ತಿಗೆ ಹಬ್ಬಿದ್ದು ನಂಬಿಕಸ್ಥ ನೆರೆಯವರ ಮೂಲಕವೇ. ಆ ಕಾಯಿಲೆಗೆ ಮದ್ದು ಬೇರೆ. ಕೀಲಿಯ ತೊಡಕನ್ನಾದರೂ 2010ರ ಆರ್‌ಎಫ್‌ಸಿ 5925 ಬಿಡಿಸಿತು: ಕೀಲಿಗೆ ಸಂಖ್ಯೆ ಕೊಟ್ಟು, ಸಂಪರ್ಕ ಕಡಿಯದೆ ಬದಲಿಸಲು ಅವಕಾಶ ಮಾಡಿತು. ಹಾಗಿದ್ದೂ ಎಂಡಿ5 ಬಿಜಿಪಿಯಲ್ಲಿ ಬಳಕೆ ತಪ್ಪಿಲ್ಲ.