ಆಹಾರದ ಕೊಬ್ಬು, ಕೊಲೆಸ್ಟರಾಲ್ ಮತ್ತು ಹೃದಯದ ಆರೋಗ್ಯ

1. ಕೊಲೆಸ್ಟರಾಲ್ ಎಂದರೇನು?
ಕೊಲೆಸ್ಟರಾಲ್ ದೇಹಕ್ಕೆ ಅವಶ್ಯವಾದ ಮೇಣದಂತಹ ವಸ್ತುವಾಗಿದ್ದು, ಇದರ ಬಹುಭಾಗವು ಯಕೃತ್ತಿನಲ್ಲಿಯೇ ಉತ್ಪತ್ತಿಯಾಗುತ್ತದೆ. ರಕ್ತದಲ್ಲಿ ಎಲ್‌ಡಿಎಲ್ ಎಂಬ ಬಗೆಯ ಕೊಲೆಸ್ಟರಾಲ್ ಹೆಚ್ಚಾದಲ್ಲಿ ಅದು ರಕ್ತನಾಳಗಳ ಒಳಗೋಡೆಯಲ್ಲಿ ಶೇಖರಗೊಂಡು ಹೃದಯಾಘಾತ ಹಾಗೂ ಪಾರ್ಶ್ವವಾಯುವಿಗೆ ದಾರಿಯಾಗುತ್ತದೆ.

2. ‘ಕೊಲೆಸ್ಟರಾಲ್ ಮುಕ್ತ’ ಎಂಬ ಬರಹ
ಸಸ್ಯಜನ್ಯ ಎಣ್ಣೆಗಳಲ್ಲಿ ಕೊಲೆಸ್ಟರಾಲ್ ಸ್ವಭಾವತಃ ಇರುವುದಿಲ್ಲವೆಂದೇ ಹೇಳಬಹುದು. ಆದರೆ ಪರ್ಯಾಪ್ತ ಕೊಬ್ಬು ಅಧಿಕವಾಗಿರುವ ಎಣ್ಣೆಯು ರಕ್ತದಲ್ಲಿ ಎಲ್‌ಡಿಎಲ್ ಅನ್ನು ಹೆಚ್ಚಿಸುತ್ತದೆ. ಆದುದರಿಂದ ಗ್ರಾಹಕರು ಪೊಟ್ಟಣದ ಮೇಲಿನ ಪರ್ಯಾಪ್ತ ಕೊಬ್ಬಿನ ಪ್ರಮಾಣವನ್ನು ಗಮನಿಸುವುದು ಸೂಕ್ತ.

3. ಕೊಬ್ಬಿನ ಬಗೆಗಳು
ಅ) ಪರ್ಯಾಪ್ತ ಕೊಬ್ಬು: ತುಪ್ಪ, ಬೆಣ್ಣೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ. ಮಿತವಾಗಿ ಬಳಸತಕ್ಕದ್ದು.
ಆ) ಅಪರ್ಯಾಪ್ತ ಕೊಬ್ಬು: ಬಾಗಲಕೋಟೆ ಜಿಲ್ಲೆಯ ಅಡುಗೆಯಲ್ಲಿ ರೂಢಿಯಲ್ಲಿರುವ ಕುಸುಬೆ ಎಣ್ಣೆ, ಶೇಂಗಾ ಎಣ್ಣೆ, ಅಗಸಿ ಮತ್ತು ಗುರೆಳ್ಳು. ಪರ್ಯಾಪ್ತ ಕೊಬ್ಬಿನ ಬದಲಾಗಿ ಇವನ್ನು ಬಳಸಿದಲ್ಲಿ ಎಲ್‌ಡಿಎಲ್ ಇಳಿಯುತ್ತದೆ.
ಇ) ಟ್ರಾನ್ಸ್ ಕೊಬ್ಬು: ಇದು ಎಲ್‌ಡಿಎಲ್ ಅನ್ನು ಹೆಚ್ಚಿಸುವುದಲ್ಲದೆ ರಕ್ಷಕ ಎಚ್‌ಡಿಎಲ್ ಅನ್ನು ಕಡಿಮೆ ಮಾಡುತ್ತದೆ. ವನಸ್ಪತಿ ಹಾಗೂ ಎಣ್ಣೆಗಳಲ್ಲಿ ಇದರ ಮಿತಿಯನ್ನು ಜನವರಿ 2022 ರಿಂದ ಶೇ. 2 ಕ್ಕೆ ಇಳಿಸಲಾಗಿದೆ.

4. ಮನೆಯ ಎಣ್ಣೆಯ ಲೆಕ್ಕ
ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪರ್ಯಾಪ್ತ ಕೊಬ್ಬಿನಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10 ನ್ನು ಮೀರಬಾರದು. 2000 ಕ್ಯಾಲೊರಿ ಆಹಾರಕ್ಕೆ ಇದು ಸುಮಾರು 22 ಗ್ರಾಂ ಆಗುತ್ತದೆ. ನಾಲ್ವರ ಕುಟುಂಬವು ತಿಂಗಳಿಗೆ 3 ಲೀಟರ್ ಎಣ್ಣೆ ಬಳಸಿದಲ್ಲಿ ತಲಾ ದಿನಕ್ಕೆ ಸುಮಾರು 23 ಗ್ರಾಂ ಎಣ್ಣೆಯಾಗುತ್ತದೆ. ಅದು ತಾಳೆ ಎಣ್ಣೆಯಾದರೆ ಸುಮಾರು 11 ಗ್ರಾಂ, ಅಂದರೆ ಮಿತಿಯ ಅರ್ಧದಷ್ಟು ಪರ್ಯಾಪ್ತ ಕೊಬ್ಬು ಎಣ್ಣೆಯೊಂದರಿಂದಲೇ ಸೇರುತ್ತದೆ. ಕುಸುಬೆ ಎಣ್ಣೆಯಾದರೆ ಸುಮಾರು 2 ಗ್ರಾಂ ಮಾತ್ರ. ಆದರೂ ಯಾವುದೇ ಎಣ್ಣೆಯ 1 ಗ್ರಾಂನಲ್ಲಿ 9 ಕ್ಯಾಲೊರಿ ಇರುವುದರಿಂದ ಒಳ್ಳೆಯ ಎಣ್ಣೆಯನ್ನೂ ಅಳತೆಯಲ್ಲಿಯೇ ಬಳಸಬೇಕು.

5. ಕರಿದ ಎಣ್ಣೆಯ ಮರುಬಳಕೆ
ಮಹಾಕೂಟ, ಬನಶಂಕರಿ ಮುಂತಾದ ಕ್ಷೇತ್ರಗಳ ಜಾತ್ರೆಗಳಲ್ಲಿ ಮಿರ್ಚಿ ಭಜಿ ಮಾರುವವರು ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಹೀಗೆ ಕಾಯಿಸಿದ ಎಣ್ಣೆಯಲ್ಲಿ ಹಾನಿಕರ ಧ್ರುವೀಯ ಸಂಯುಕ್ತಗಳು ಹೆಚ್ಚುತ್ತವೆ. ಇವುಗಳ ಪ್ರಮಾಣವು ಶೇ. 25 ನ್ನು ಮೀರಿದ ಎಣ್ಣೆಯನ್ನು ಬಳಸುವುದನ್ನು ಜುಲೈ 2018 ರಿಂದ ನಿಷೇಧಿಸಲಾಗಿದೆ. ಎಣ್ಣೆ ಕಪ್ಪಾಗಿ, ಜಿಗುಟಾಗಿ, ನೊರೆ ಬರುತ್ತಿದ್ದಲ್ಲಿ ಅದರಲ್ಲಿ ಕರಿದ ತಿನಿಸನ್ನು ಕೊಳ್ಳದಿರುವುದು ಕ್ಷೇಮ.

6. ಸಾರ್ವಜನಿಕರ ಗಮನಕ್ಕೆ
* ಕೊಲೆಸ್ಟರಾಲ್ ಹೆಚ್ಚಿದ್ದರೂ ಸಾಮಾನ್ಯವಾಗಿ ಯಾವುದೇ ಲಕ್ಷಣ ಕಾಣುವುದಿಲ್ಲ. ರಕ್ತ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ.
* 30 ವರ್ಷ ಮೇಲ್ಪಟ್ಟವರು ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡ ಮತ್ತು ಮಧುಮೇಹ ತಪಾಸಣೆ ಮಾಡಿಸಿಕೊಂಡು, ಕೊಲೆಸ್ಟರಾಲ್ ಪರೀಕ್ಷೆಯ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು.
* ಎಣ್ಣೆ ಬದಲಾಯಿಸಿದ ಕಾರಣಕ್ಕೆ ವೈದ್ಯರು ಸೂಚಿಸಿದ ಮಾತ್ರೆಗಳನ್ನು ನಿಲ್ಲಿಸಬಾರದು.
* ಎದೆನೋವು, ಎಡಗೈ ಅಥವಾ ದವಡೆಗೆ ಹರಡುವ ನೋವು, ಬೆವರು, ಉಸಿರಾಟದ ತೊಂದರೆ ಕಂಡುಬಂದಲ್ಲಿ ಕೂಡಲೇ 108 ಕ್ಕೆ ಕರೆ ಮಾಡತಕ್ಕದ್ದು.