ಮೋಹಕ ಬಲೆ ಕಟ್ಟಿದರೆ ಎಣ್ಣೆ ಹೊಡೆಯುವುದೇ ಬೇಡವೇ? ಬಲೆ ತುಂಬಿದ ಫೋಟೊ ಹೇಳುವುದೇನು?

ಮೇಲೆ ಪ್ಲಾಸ್ಟಿಕ್ ಮುಚ್ಚಳ, ಕೆಳಗೆ ಉದ್ದನೆಯ ಚೀಲ, ಚೀಲದ ತುಂಬ ಸತ್ತ ಪತಂಗಗಳು. ಇಂಥದೊಂದು ಫೋಟೊ ಅಥವಾ ಅರ್ಧ ನಿಮಿಷದ ವಿಡಿಯೊ ನಿಮ್ಮೂರಿನ ರೈತರ ವಾಟ್ಸ್‌ಆ್ಯಪ್ ಗ್ರೂಪಿಗೂ ಬಂದಿರಬಹುದು. ಜೊತೆಗಿರುವ ಮಾತು ಸಾಮಾನ್ಯವಾಗಿ ಒಂದೇ ಧಾಟಿಯದು: ಬಲೆ ಕಟ್ಟಿ, ಹುಳುವಿನ ಕಾಟ ಮುಗಿಯಿತು, ಎಣ್ಣೆ ಹೊಡೆಯುವ ಖರ್ಚು ಉಳಿಯಿತು, ಎಲ್ಲ ರೈತರಿಗೂ ಕಳಿಸಿ. (ಬೇರೆ ಜಿಲ್ಲೆಯ ಓದುಗರಿಗೆ: ಕೀಟನಾಶಕ ಸಿಂಪಡಿಸುವುದಕ್ಕೆ ನಮ್ಮ ಬಳ್ಳಾರಿ ಕಡೆ 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ.)

ಕಳಿಸುವ ಮೊದಲು ಇದನ್ನು ಓದಿ. ಬಲೆ ಸುಳ್ಳಲ್ಲ, ಅದು ಕೆಲಸ ಮಾಡುವುದೂ ಸುಳ್ಳಲ್ಲ. ಆದರೆ ಒಂದು ಮೋಹಕ ಬಲೆ ಒಂದೇ ಜಾತಿಯ ಹುಳುವನ್ನು, ಅದರಲ್ಲೂ ಗಂಡು ಪತಂಗವನ್ನು ಮಾತ್ರ ಹಿಡಿಯುತ್ತದೆ. ಹೆಚ್ಚಿನ ಬೆಳೆಗಳಲ್ಲಿ ಅದರ ಮೊದಲ ಕೆಲಸ ಹುಳುವಿನ ಲೆಕ್ಕ ಕೊಡುವುದು. ಆ ಲೆಕ್ಕ ನೋಡಿ ಮುಂದಿನ ಹೆಜ್ಜೆ ಇಡಬೇಕಾದವರು ನಾವು.

ಒಂದೇ ಸೀಮೆ, ಮೂರು ಬೆಳೆ, ಮೂರು ಹುಳು

ತುಂಗಭದ್ರೆಯ ಕಾಲುವೆ ನೀರು ಸಿಗುವ ಸಿರುಗುಪ್ಪದ ಕಡೆ ಭತ್ತ. ಬಳ್ಳಾರಿ, ಕುರುಗೋಡು ಸುತ್ತಿನ ಕಪ್ಪು ಮಣ್ಣಿನಲ್ಲಿ ಮೆಣಸಿನಕಾಯಿ, ಹತ್ತಿ. ಒಬ್ಬನೇ ರೈತ ಮೂರನ್ನೂ ಬೆಳೆಯುವುದುಂಟು. ಭತ್ತಕ್ಕೆ ಕಾಂಡಕೊರಕ, ಹತ್ತಿಗೆ ಗುಲಾಬಿ ಕಾಯಿಕೊರಕ, ಮೆಣಸಿನಕಾಯಿಗೆ ಥ್ರಿಪ್ಸ್ ನುಸಿ. ಮೂರೂ ಹುಳುವೇ, ಆದರೆ ಮೂರಕ್ಕೂ ಬೇರೆ ಬೇರೆ ಬಲೆ ಬೇಕು. ಫಾರ್ವರ್ಡ್‌ನಲ್ಲಿ 'ಬಲೆ' ಎಂಬ ಒಂದೇ ಮಾತು ಇರುತ್ತದೆ. ಯಾವ ಹುಳುವಿನ ಬಲೆ ಎಂಬುದು ಇರುವುದಿಲ್ಲ.

ಈ ವಿಷಯ ಮನೆಯ ಮಕ್ಕಳಿಗೆ ನಮಗಿಂತ ಬೇಗ ಅರ್ಥವಾಗಬಹುದು. ಪೋಕೆಮಾನ್ ಎಂಬ ವಿಡಿಯೊ ಗೇಮ್ ಸರಣಿ ಇದೆ, 1996ರಲ್ಲಿ ಜಪಾನಿನಲ್ಲಿ ಶುರುವಾದದ್ದು. ಅದರಲ್ಲಿ ಚೆಂಡು ಎಸೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು. ಸಾಮಾನ್ಯ ಚೆಂಡು ಎಲ್ಲದಕ್ಕೂ ಆಗುತ್ತದೆ. 2002ರಲ್ಲಿ ಬಂದ ಆಟಗಳಲ್ಲಿ 'ನೆಟ್ ಬಾಲ್' ಎಂಬ ಬಲೆಚೆಂಡು ಸೇರಿತು. ಕೀಟದ ಜಾತಿ ಮತ್ತು ನೀರಿನ ಜಾತಿಯ ಪ್ರಾಣಿಗಳ ಮೇಲೆ ಎಸೆದರೆ ಇದರ ಬಲ ಸಾಮಾನ್ಯ ಚೆಂಡಿನ ಮೂರು ಪಟ್ಟು. 2016ರ ಆಟಗಳಿಂದ ಮೂರೂವರೆ ಪಟ್ಟು. ಬೇರೆ ಪ್ರಾಣಿಗೆ ಎಸೆದರೆ ಸಾಮಾನ್ಯ ಚೆಂಡಿಗಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಆಟದ ಅಂಗಡಿಯಲ್ಲಿ ಸಾಮಾನ್ಯ ಚೆಂಡಿಗೆ 200, ನೆಟ್ ಬಾಲ್‌ಗೆ 1000. ಬೆಂಕಿಯ ಪ್ರಾಣಿಗೆ ಅದನ್ನು ಎಸೆದವನು 800 ಕಳೆದುಕೊಂಡ ಹಾಗೆ. ಆಟದ ಸೃಷ್ಟಿಕರ್ತ ಸತೋಶಿ ತಜಿರಿ ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿನವರು. ಆಟದ ಕಲ್ಪನೆ ಹುಟ್ಟಿದ್ದೂ ಆ ಹುಚ್ಚಿನಿಂದಲೇ.

ಆ ಆಟದ ಸುತ್ತ ಒಂದು ಹಳೆಯ ನಂಬಿಕೆಯೂ ಇದೆ. ಚೆಂಡು ಅಲುಗಾಡುತ್ತಿರುವಾಗ ಒಂದು ಬಟನ್ ಒತ್ತಿ ಹಿಡಿದರೆ ಪ್ರಾಣಿ ತಪ್ಪಿಸಿಕೊಳ್ಳುವುದಿಲ್ಲವಂತೆ. ವಾಟ್ಸ್‌ಆ್ಯಪ್ ಹುಟ್ಟುವ ಮೊದಲೇ ಇದು ದೇಶ ದೇಶದ ಮಕ್ಕಳಿಗೆ ಬಾಯಿಂದ ಬಾಯಿಗೆ ಹಬ್ಬಿತ್ತು. ಆಟದ ಲೆಕ್ಕಾಚಾರದಲ್ಲಿ ಬಟನ್ನಿಗೆ ಯಾವ ಪಾತ್ರವೂ ಇಲ್ಲ. ಒತ್ತಿದಾಗ ಸಿಕ್ಕಿದ್ದು ನೆನಪಿರುತ್ತದೆ, ಒತ್ತಿಯೂ ತಪ್ಪಿದ್ದು ಮರೆತುಹೋಗುತ್ತದೆ, ಅಷ್ಟೇ. ಬಲೆಯ ಫಾರ್ವರ್ಡ್ ಓಡುವುದೂ ಇದೇ ದಾರಿಯಲ್ಲಿ.

ಬಲೆಯೊಳಗಿನ ವಾಸನೆ ಯಾರಿಗೆ?

ಮೋಹಕ ಬಲೆಯ ಜೀವ ಇರುವುದು ಅದರೊಳಗೆ ಸಿಕ್ಕಿಸುವ ಪುಟ್ಟ ರಬ್ಬರ್ ತುಂಡಿನಲ್ಲಿ. ಅದನ್ನು ಲೂರ್ ಎನ್ನುತ್ತಾರೆ. ಹೆಣ್ಣು ಪತಂಗ ರಾತ್ರಿ ಗಂಡನ್ನು ಕರೆಯಲು ಹೊರಬಿಡುವ ವಾಸನೆಯನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಅದಕ್ಕೆ ಸವರಿರುತ್ತಾರೆ. ನಮ್ಮ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ.

ಇಂಥ ವಾಸನೆಯೊಂದನ್ನು ಮೊದಲ ಬಾರಿಗೆ ಬೇರ್ಪಡಿಸಿ ಗುರುತಿಸಿದ್ದು 1959ರಲ್ಲಿ, ಜರ್ಮನಿಯ ಅಡಾಲ್ಫ್ ಬುಟೆನಾಂಡ್ಟ್ ಮತ್ತು ಸಂಗಡಿಗರು. ಅವರು ಆರಿಸಿಕೊಂಡದ್ದು ನಮ್ಮ ರಾಜ್ಯಕ್ಕೆ ಚೆನ್ನಾಗಿ ಪರಿಚಯವಿರುವ ರೇಷ್ಮೆ ಹುಳುವಿನ ಪತಂಗವನ್ನು. ಸುಮಾರು ಐದು ಲಕ್ಷ ಹೆಣ್ಣು ಪತಂಗಗಳಿಂದ ಸಿಕ್ಕ ವಸ್ತು ಕೆಲವೇ ಮಿಲಿಗ್ರಾಂ. ಹತ್ತಿಯ ಗುಲಾಬಿ ಕಾಯಿಕೊರಕದ ವಾಸನೆ ಪತ್ತೆಯಾದದ್ದು 1973ರಲ್ಲಿ. ಅದರ ಹೆಸರು ಗಾಸಿಪ್ಲೂರ್. ಎರಡು ರಾಸಾಯನಿಕಗಳು ಹೆಚ್ಚುಕಡಿಮೆ ಸಮಸಮ ಬೆರೆತಾಗ ಮಾತ್ರ ಗಂಡು ಓಡಿ ಬರುತ್ತದೆ. ಕೀಲಿಗೆ ತಕ್ಕ ಬೀಗ ಎನ್ನುವಷ್ಟು ಕರಾರುವಾಕ್ಕು.

ಹಾಗಾಗಿ ಗುಲಾಬಿ ಕಾಯಿಕೊರಕಕ್ಕೆ ಗಾಸಿಪ್ಲೂರ್, ಹಸಿರು ಕಾಯಿಕೊರಕಕ್ಕೆ ಹೆಲಿಲೂರ್, ತಂಬಾಕಿನ ಕೀಡೆಗೆ ಸ್ಪೋಡೊಲೂರ್, ಭತ್ತದ ಕಾಂಡಕೊರಕಕ್ಕೆ ಅದರದೇ ಲೂರ್. ಒಂದರ ಬಲೆಗೆ ಇನ್ನೊಂದು ಬರುವುದಿಲ್ಲ. ಇದು ಈ ಬಲೆಯ ದೊಡ್ಡ ಗುಣ: ಜೇನ್ನೊಣ, ಗುಲಗಂಜಿ ಹುಳು, ಜೇಡ ಇವುಗಳ ತಂಟೆಗೆ ಅದು ಹೋಗುವುದಿಲ್ಲ. ದೊಡ್ಡ ಮಿತಿಯೂ ಇದೇ. ಅಂಗಡಿಗೆ ಹೋಗಿ 'ಮೆಣಸಿನಕಾಯಿಗೆ ಬಲೆ ಕೊಡಿ' ಎಂದು ಕೇಳಿದರೆ ಸಾಲದು. ಹುಳುವಿನ ಹೆಸರು ಹೇಳಿ ಕೇಳಬೇಕು.

ಚೀಲ ತುಂಬಿದರೆ ಗೆದ್ದಂತೆಯೇ?

ಫಾರ್ವರ್ಡ್ ಎಡವುವುದು ಇಲ್ಲಿ. ಸತ್ತ ಪತಂಗಗಳ ರಾಶಿ ನೋಡಿದರೆ ಇಷ್ಟು ಹುಳು ಹೋಯಿತಲ್ಲ ಎಂದು ಯಾರಿಗಾದರೂ ಸಮಾಧಾನವಾಗುತ್ತದೆ. ಆದರೆ ಬಲೆಗೆ ಬಿದ್ದವೆಲ್ಲ ಗಂಡು. ಕಾಯಿ ಕೊರೆಯುವುದು ಮರಿಹುಳು, ಮೊಟ್ಟೆ ಇಡುವುದು ಹೆಣ್ಣು. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು. ಉದಾಹರಣೆಗೆ ಹೊಲದಲ್ಲಿ ನೂರು ಗಂಡು ಇದ್ದು ಅರವತ್ತು ಬಲೆಗೆ ಬಿದ್ದರೂ, ಉಳಿದ ನಲವತ್ತು ಇಡೀ ಹೊಲದ ಹೆಣ್ಣುಗಳಿಗೆ ಸಾಕು. ಪಕ್ಕದ ಹೊಲದಲ್ಲಿ ಕೂಡಿ ಹಾರಿಬಂದ ಹೆಣ್ಣಿಗೆ ನಮ್ಮ ಬಲೆಯ ಹಂಗೇ ಇಲ್ಲ.

ತುಂಬಿದ ಚೀಲದ ನಿಜವಾದ ಅರ್ಥ ಬೇರೆ: ಹೊಲದಲ್ಲಿ ಹುಳು ಏರುತ್ತಿದೆ. ಹತ್ತಿಯಲ್ಲಿ ಇದಕ್ಕೊಂದು ಗೆರೆ ಇದೆ. ಹೆಕ್ಟೇರಿಗೆ 5, ಅಂದರೆ ಎಕರೆಗೆ 2 ಬಲೆ ಕಟ್ಟಿ, ಪ್ರತಿ ರಾತ್ರಿಗೆ ಬಲೆಯೊಂದಕ್ಕೆ 8 ಪತಂಗದಂತೆ ಸತತ 3 ರಾತ್ರಿ ಬಿದ್ದರೆ ಕ್ರಮ ಕೈಗೊಳ್ಳುವ ಹೊತ್ತು ಬಂತು ಎಂದು ಲೆಕ್ಕ. ಜೊತೆಗೆ ಎಕರೆಗೆ 20 ಹಸಿರು ಕಾಯಿ ಕಿತ್ತು ಸೀಳಿ ನೋಡಬೇಕು. 2 ಕಾಯಿಯಲ್ಲಿ ಹುಳು ಕಂಡರೆ ಹಾನಿ ಶೇ 10ಕ್ಕೆ ಮುಟ್ಟಿದೆ. ಬಲೆ ಖಾಲಿ, ಕಾಯಿಯೂ ಸ್ವಚ್ಛ ಇದ್ದಾಗ ಎಣ್ಣೆ ಹೊಡೆಯದೆ ಬಿಡಬಹುದು. ಬಲೆಯಿಂದ ಖರ್ಚು ಉಳಿಯುವುದು ಹೀಗೆ. ಬೇಡದ ದಿನ ಹೊಡೆಯುವುದು ತಪ್ಪುತ್ತದೆ, ಬೇಕಾದ ದಿನ ತಡವಾಗುವುದಿಲ್ಲ.

'ಬಿಟಿ ಹತ್ತಿಗೆ ಕಾಯಿಕೊರಕ ಬರುವುದಿಲ್ಲ, ಬಲೆ ಯಾಕೆ' ಎನ್ನುವವರೂ ಇದ್ದಾರೆ. ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಗುಲಾಬಿ ಕಾಯಿಕೊರಕ ಅದಕ್ಕೆ ಜಗ್ಗದಂತಾಗಿರುವುದು 2010ರ ಹೊತ್ತಿಗೆ ಗುಜರಾತಿನಿಂದ ವರದಿಯಾಯಿತು. ಮುಂದಿನ ವರ್ಷಗಳಲ್ಲಿ ಎರಡು ಜೀನ್‌ಗಳ ಬಿಟಿಯೂ ಅದರ ಮುಂದೆ ಸೋತಿತು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಕಾಯಿಯೊಳಗೆ ಈ ಹುಳು ಇರುತ್ತದೆ, ಎಣ್ಣೆ ಅದಕ್ಕೆ ತಾಗುವುದಿಲ್ಲ. ಆದ್ದರಿಂದ ಒಳಹೊಕ್ಕುವ ಮೊದಲೇ ತಿಳಿಸುವ ಬಲೆಗೆ ಬೆಲೆ. ಹತ್ತಿ ಜಿನ್ನಿಂಗ್ ಮಿಲ್‌ಗಳ ಆವರಣದಲ್ಲೂ ಬಲೆ ಕಟ್ಟಲು ತಜ್ಞರು ಹೇಳುವುದು ಇದಕ್ಕೇ. ಹುಳು ಬಿದ್ದ ಬೀಜದ ಜೊತೆ ಪತಂಗ ಅಲ್ಲಿಗೂ ಬಂದಿರುತ್ತದೆ.

ಹಾಗಾದರೆ ವಾಸನೆಯಿಂದ ಹುಳುವನ್ನು ಸೋಲಿಸಲು ಆಗುವುದೇ ಇಲ್ಲವೇ? ಆಗುತ್ತದೆ, ಕೆಲವು ಕಡೆ. ಭತ್ತದ ಕಾಂಡಕೊರಕಕ್ಕೆ ಹೆಕ್ಟೇರಿಗೆ 20, ಅಂದರೆ ಎಕರೆಗೆ 8 ಬಲೆ ಕಟ್ಟಿ ಗಂಡುಗಳನ್ನು ಸಾಮೂಹಿಕವಾಗಿ ಹಿಡಿಯುವ ಶಿಫಾರಸು ಇದೆ. ಸಿರುಗುಪ್ಪದ ಕಡೆಯವರು ಇಲ್ಲೊಂದು ಗಮನಿಸಬೇಕು. ಕಾಂಡಕೊರಕ ಎಂದರೆ ರೆಕ್ಕೆಯ ಮೇಲೆ ಕಪ್ಪು ಚುಕ್ಕೆ ಇರುವ ಹಳದಿ ಪತಂಗ ಎಂದು ಎಲ್ಲರಿಗೂ ಗೊತ್ತು, ಆದರೆ ಅದು ಹೆಣ್ಣು. ಬಲೆಗೆ ಬೀಳುವ ಗಂಡು ಮಾಸಲು ಕಂದು, ಆ ದಪ್ಪ ಚುಕ್ಕೆ ಅದಕ್ಕಿಲ್ಲ. ಹಳದಿ ಪತಂಗ ಬಿದ್ದಿಲ್ಲ, ಬಲೆ ಡೂಪ್ಲಿಕೇಟ್ ಎಂದು ಕಿತ್ತೆಸೆಯಬೇಡಿ.

ಹತ್ತಿಗೆ ಇನ್ನೊಂದು ಉಪಾಯವಿದೆ. ವಾಸನೆ ತುಂಬಿದ ದಾರದಂಥ ತುಂಡುಗಳನ್ನು ಹೊಲದುದ್ದಕ್ಕೂ ಗಿಡಗಳಿಗೆ ಕಟ್ಟುತ್ತಾರೆ. ಎಲ್ಲ ದಿಕ್ಕಿನಿಂದಲೂ ಅದೇ ವಾಸನೆ ಬಂದು ಗಂಡಿಗೆ ಹೆಣ್ಣು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಇದು ಫಲ ಕೊಡುವುದು ಹತ್ತಾರು ಹೊಲದವರು ಒಟ್ಟಿಗೆ ಮಾಡಿದಾಗ. ಒಬ್ಬರೇ ಒಂದೆಕರೆಗೆ ಕಟ್ಟಿದರೆ ಪಕ್ಕದ ಹೊಲದ ಹೆಣ್ಣು ಬಂದೇ ಬರುತ್ತದೆ. ಅಮೆರಿಕ ತನ್ನ ಹತ್ತಿ ಪ್ರದೇಶದಲ್ಲಿ ಗುಲಾಬಿ ಕಾಯಿಕೊರಕ ನಿರ್ಮೂಲವಾಯಿತು ಎಂದು 2018ರಲ್ಲಿ ಘೋಷಿಸಿತು. ಅದರ ಹಿಂದೆ ಇದ್ದದ್ದು ಈ ವಾಸನೆ, ಬಿಟಿ ಹತ್ತಿ, ಸಂತಾನಶಕ್ತಿ ಕಳೆದು ಬಿಟ್ಟ ಪತಂಗಗಳು ಮತ್ತು ಇಡೀ ಸೀಮೆಯ ರೈತರ ಒಗ್ಗಟ್ಟು. ಬರೀ ಚೀಲ ಕಟ್ಟಿ ಆದದ್ದಲ್ಲ.

ಮೆಣಸಿನಕಾಯಿಯ ಮಾತೇ ಬೇರೆ

2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿಯನ್ನು ಕಪ್ಪು ಥ್ರಿಪ್ಸ್ ಕಾಡಿದ್ದು ನೆನಪಿದೆಯೇ? ಅದು ನಮ್ಮ ಬಳ್ಳಾರಿ ಸೀಮೆಯನ್ನೂ ಬಿಡಲಿಲ್ಲ. ಆಗ್ನೇಯ ಏಷ್ಯಾದ ಈ ನುಸಿ ಭಾರತದಲ್ಲಿದೆ ಎಂದು ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯದ ಮೇಲೆ. ಉದ್ದ ಸುಮಾರು ಒಂದು ಮಿಲಿಮೀಟರ್. ಹೂವಿನೊಳಗೆ ಗುಂಪಾಗಿ ಕೂತು ಕೆರೆದು ರಸ ಹೀರುತ್ತದೆ, ಹೂ ಉದುರುತ್ತದೆ, ಕಾಯಿ ಕಟ್ಟುವುದಿಲ್ಲ. ಗಿಡ ಹಸಿರಾಗಿಯೇ ಇದ್ದು ಫಸಲು ಮಾತ್ರ ಇಲ್ಲದ ಸ್ಥಿತಿ. ಬೀಜ, ಗೊಬ್ಬರ, ಆಳು, ಎಣ್ಣೆ ಎಲ್ಲಕ್ಕೂ ಸಾಲ ಮಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಈ ನುಸಿಗೆ ಪತಂಗದ ಮೋಹಕ ಬಲೆ ಕಟ್ಟಿದರೆ ಏನೂ ಆಗುವುದಿಲ್ಲ. ಹೆಲಿಲೂರ್ ಹಾಕಿದ ಬಲೆ ಮೆಣಸಿನಕಾಯಿ ಹೊಲದಲ್ಲೂ ಕಾಯಿಕೊರಕದ ಪತಂಗವನ್ನು ಹಿಡಿಯುತ್ತದೆ, ಚೀಲವೂ ತುಂಬಬಹುದು. ಅದೇ ಹೊತ್ತಿಗೆ ಮೇಲಿನ ಹೂಗಳಲ್ಲಿ ಥ್ರಿಪ್ಸ್ ತನ್ನ ಕೆಲಸ ಮಾಡುತ್ತಿರುತ್ತದೆ. ಥ್ರಿಪ್ಸ್‌ಗೆ ಬೇಕಾದದ್ದು ನೀಲಿ ಅಂಟು ಹಾಳೆ. ನೀಲಿ ಬಣ್ಣಕ್ಕೆ ಅದು ಎಳೆಯಲ್ಪಡುತ್ತದೆ. ಹಳದಿ ಹಾಳೆಗೆ ಬಿಳಿನೊಣ, ಹೇನು, ಜಿಗಿಹುಳು ಹೆಚ್ಚು ಬೀಳುತ್ತವೆ. ಹಾಳೆ ಗಿಡದ ತುದಿಯ ಮಟ್ಟದಲ್ಲಿರಬೇಕು, ಗಿಡ ಬೆಳೆದಂತೆ ಮೇಲೆ ಸರಿಸಬೇಕು, ಧೂಳು ಕೂತು ಅಂಟು ಒಣಗಿದರೆ ಬದಲಿಸಬೇಕು. ಬಳ್ಳಾರಿಯ ಧೂಳಿಗೆ ಈ ಕೊನೆಯ ಮಾತು ಮುಖ್ಯ.

ನೀಲಿ ಹಾಳೆಗೂ ಮಿತಿ ಇದೆ. ಅದು ಹಾರುವ ದೊಡ್ಡ ಥ್ರಿಪ್ಸನ್ನು ಮಾತ್ರ ಹಿಡಿಯುತ್ತದೆ. ರೆಕ್ಕೆ ಬಾರದ ಮರಿಗಳು ಎಲೆ, ಹೂವಿನಲ್ಲಿರುತ್ತವೆ, ಕೋಶಾವಸ್ಥೆಯವು ಮಣ್ಣಿನಲ್ಲಿ. ವಾರಕ್ಕೊಮ್ಮೆ ಕೆಲವು ಹೂ ಕಿತ್ತು ಬಿಳಿ ಕಾಗದದ ಮೇಲೆ ಕೊಡವಿ ನೋಡುವುದು ಹಾಳೆಯಷ್ಟೇ ನಂಬಿಕಸ್ಥ ಪರೀಕ್ಷೆ, ಖರ್ಚೂ ಇಲ್ಲ. ಕಂಡಕಂಡ ಎಣ್ಣೆಗಳನ್ನು ಬೆರೆಸಿ ಮೇಲಿಂದ ಮೇಲೆ ಹೊಡೆದರೆ ಥ್ರಿಪ್ಸ್ ತಿನ್ನುವ ಒಳ್ಳೆಯ ಕೀಟಗಳು ಮೊದಲು ಸಾಯುತ್ತವೆ, ಥ್ರಿಪ್ಸ್ ಮತ್ತೆ ಏಳುತ್ತದೆ.

ಇನ್ನು ರಾತ್ರಿಯಿಡೀ ಬಲ್ಬ್ ಉರಿಸಿ ಕೆಳಗೆ ನೀರಿನ ತಟ್ಟೆ ಇಡುವ ವಿಡಿಯೊ. ಬೆಳಕಿಗೆ ಜಾತಿಭೇದ ಇಲ್ಲ: ಶತ್ರು ಕೀಟದ ಜೊತೆ ಮಿತ್ರ ಕೀಟವೂ ಬೀಳುತ್ತದೆ. ಬಳಸುವುದಾದರೆ ಸಂಜೆಯ ಎರಡು ಮೂರು ತಾಸು ಸಾಕು.

ಕಟ್ಟುವವರಿಗೆ ನಾಲ್ಕು ಮಾತು

ಒಂದು ಬಲೆಗೆ ಒಂದೇ ಲೂರ್. ಎರಡು ಜಾತಿಯ ಲೂರ್ ಒಟ್ಟಿಗೆ ಹಾಕಿದರೆ ವಾಸನೆ ಕಲಬೆರಕೆಯಾಗಿ ಎರಡೂ ಕೆಡಬಹುದು. ಅದೇ ಕಾರಣಕ್ಕೆ ಒಂದನ್ನು ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಬೇಡಿ, ತಂಬಾಕು ತಿಕ್ಕಿದ ಕೈಯಲ್ಲಂತೂ ಬೇಡ. ಹತ್ತಿಯಲ್ಲಿ ಬಲೆ ಗಿಡದ ತುದಿಗಿಂತ ಸುಮಾರು ಒಂದು ಅಡಿ ಮೇಲಿರಲಿ. ಲೂರ್ ಮೂರು ನಾಲ್ಕು ವಾರಕ್ಕೆ ಬದಲಿಸಬೇಕು; ಬಿಸಿಲು ಹೆಚ್ಚಿದ್ದರೆ ವಾಸನೆ ಇನ್ನೂ ಬೇಗ ಆರುತ್ತದೆ. ಹೋದ ವರ್ಷದ ಲೂರ್ ಹಾಕಿ ಬಲೆ ಖಾಲಿ ಇದೆ, ಹುಳುವೇ ಇಲ್ಲ ಎಂದುಕೊಳ್ಳುವುದು ತುಂಬಿದ ಚೀಲ ನೋಡಿ ಹಿಗ್ಗುವುದಕ್ಕಿಂತ ಅಪಾಯ. ಪ್ಯಾಕೆಟ್ ಮೇಲಿನ ಕೀಟದ ಹೆಸರು, ತಯಾರಿಕೆಯ ದಿನಾಂಕ ನೋಡಿ ಕೊಳ್ಳಿ, ಬಳಸುವವರೆಗೆ ಪ್ಯಾಕೆಟ್ ಒಡೆಯದೆ ತಂಪಿನಲ್ಲಿಡಿ.

ಬಿದ್ದ ಪತಂಗ ಯಾವುದು ಎಂದು ಗೊತ್ತಾಗದಿದ್ದರೆ ನಾಲ್ಕನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ, ಬಳ್ಳಾರಿ ಬಳಿಯ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ. ಹೋಗಲು ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.