ನನ್ನ ಸಂಬಳದ ಚೀಟಿ, ನನ್ನ ತಮ್ಮನ ಸಂಬಳದ ಚೀಟಿ

ಬಂಧುಗಳೇ, ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ. ಮನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗೋರು ಇದ್ರೆ ಅವರಿಗೂ ಓದಿ ಹೇಳಿ.

ಮೊನ್ನೆ ಭಾನುವಾರ ಊರಿಗೆ ಹೋಗಿದ್ದಾಗ ನನ್ನ ಸಂಬಳದ ಚೀಟಿ, ನನ್ನ ತಮ್ಮನ ಸಂಬಳದ ಚೀಟಿ ಎರಡನ್ನೂ ಜಗಲಿ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ನಾನು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಅವನು ಮೈಸೂರಿನ ಒಂದು ಫ್ಯಾಕ್ಟರಿಯಲ್ಲಿ ಗುತ್ತಿಗೆ ಕೆಲಸಗಾರ. ನನ್ನ ಚೀಟಿಯಲ್ಲಿ ಕೆಜಿಐಡಿ, ಎನ್‌ಪಿಎಸ್. ಅವನ ಚೀಟಿಯಲ್ಲಿ ಪಿಎಫ್, ಇಎಸ್‌ಐ. ಒಂದೇ ತಾಯಿ ಮಕ್ಕಳಿಗೆ ಕಾಯಿಲೆಯ ಲೆಕ್ಕ ಬೇರೆ, ಮುಪ್ಪಿನ ಲೆಕ್ಕ ಬೇರೆ, ಸತ್ತರೆ ಸಿಗುವ ಪರಿಹಾರದ ಲೆಕ್ಕವೂ ಬೇರೆ. ಇದು ಹೀಗೆ ಯಾಕಾಯ್ತು ಅಂತ ಹಿಂದಕ್ಕೆ ಹುಡುಕುತ್ತಾ ಹೋದ್ರೆ, ಅದು ನಮ್ಮ ಹೋಬಳಿಯ ಹೆಸರಿನ ಹತ್ತಿರವೇ ಬಂದು ನಿಲ್ತು.

ನಮ್ಮದು ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರ. ಅಗ್ರಹಾರ ಅಂದ್ರೆ ಏನು? ರಾಜರು ಬ್ರಾಹ್ಮಣರಿಗೆ ದಾನ ಕೊಟ್ಟ ಊರು, ಜಮೀನು. ತೆರಿಗೆ ಇಲ್ಲ, ತಲೆಮಾರಿನಿಂದ ತಲೆಮಾರಿಗೆ ಅನುಭವಿಸಬಹುದು. ಉಳೋರು ಬೇರೆಯವರು. ಇದಕ್ಕೆ ಇವತ್ತಿನ ಮಾತಲ್ಲಿ ಸಾಮಾಜಿಕ ಭದ್ರತೆ ಅಂತಾರೆ. ಅದೇ ಕಾಲದಲ್ಲಿ ನಮ್ಮವರೂ ಒಂಥರಾ ಸರ್ಕಾರಿ ಕೆಲಸದಲ್ಲೇ ಇದ್ರು. ತೋಟಿ, ತಳವಾರ, ನೀರಗಂಟಿ. ತಮಟೆ ಹೊಡೆದು ಡಂಗುರ ಸಾರೋದು, ಓಲೆ ಹೊತ್ತು ರಾತ್ರಿ ನಡೆಯೋದು, ಸತ್ತ ದನ ಎಳೆಯೋದು. ಇದಕ್ಕೆ ಸಂಬಳ ಇಲ್ಲ. ತುಂಡು ಇನಾಂ ಜಮೀನು, ಸುಗ್ಗಿಯಲ್ಲಿ ಕಣದ ಮುಂದೆ ನಿಂತರೆ ಒಂದಿಷ್ಟು ಆಯ. ಮುಂಬೈ ಪ್ರಾಂತ್ಯದಲ್ಲಿ ಇದನ್ನೇ ಮಹಾರ್ ವತನ ಅಂತಿದ್ರು. ಅದನ್ನ ಬದಲಿಸೋಕೆ ಬಾಬಾಸಾಹೇಬರು 1928ರಲ್ಲೇ ಶಾಸನ ಸಭೆಯಲ್ಲಿ ಮಸೂದೆ ತಂದ್ರು. ನಮ್ಮ ರಾಜ್ಯದಲ್ಲಿ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ ಬರೋದಕ್ಕೆ 1961ರ ತನಕ ಕಾಯಬೇಕಾಯ್ತು.

ಈಗ ನನ್ನ ಚೀಟಿಗೆ ಬರ್ತೀನಿ. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆ ಶುರು ಮಾಡ್ತು. ಆಗ ಹತ್ತನೇ ಚಾಮರಾಜ ಒಡೆಯರ್ ಮಹಾರಾಜರು, ಶೇಷಾದ್ರಿ ಅಯ್ಯರ್ ದಿವಾನರು. ನನ್ನ ಸಂಬಳದಲ್ಲಿ ಕಡ್ಡಾಯವಾಗಿ ಹಿಡಿಯೋ ಕೆಜಿಐಡಿ ಅದರ ಮುಂದುವರಿಕೆಯೇ. ಎಲ್‌ಐಸಿ ಹುಟ್ಟಿದ್ದು 1956ರಲ್ಲಿ. ಅದಕ್ಕಿಂತ 65 ವರ್ಷ ಮುಂಚೆ! ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾಯಿಲೆ ವಿಮೆಯ ಕಾಯ್ದೆ ತಂದಿದ್ದು 1883ರಲ್ಲಿ, ಅದಾಗಿ ಎಂಟೇ ವರ್ಷಕ್ಕೆ ಮೈಸೂರು. ಒಳ್ಳೆ ಕೆಲಸವೇ, ಇಲ್ಲ ಅನ್ನಲ್ಲ. ಆದ್ರೆ ಜರ್ಮನಿ ಶುರು ಮಾಡಿದ್ದು ಕಾರ್ಮಿಕನಿಂದ, ಮೈಸೂರು ಶುರು ಮಾಡಿದ್ದು ಕಚೇರಿಯಿಂದ.

ಆ ಕಚೇರಿಯಲ್ಲಿ ಕೂತಿದ್ದೋರು ಯಾರು? ಇದಕ್ಕೆ ಉತ್ತರ ಮಿಲ್ಲರ್ ಸಮಿತಿ. ನಮ್ಮ ತಾಲ್ಲೂಕಿಗೆ ಹೆಸರು ಕೊಟ್ಟ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಸಮಿತಿ ಹೇಳ್ತು. ಅಂಥ ಶಿಫಾರಸು ಬೇಕಾಯ್ತು ಅಂದ್ರೆ ಅದಕ್ಕೂ ಮುಂಚೆ ಪರಿಸ್ಥಿತಿ ಹೇಗಿತ್ತು ಅಂತ ಲೆಕ್ಕ ಹಾಕಿ. ಅಂದ್ರೆ 1891ರ ವಿಮೆ ತಲುಪಿದ್ದು ಹೆಚ್ಚಾಗಿ ಅಗ್ರಹಾರದ ಮನೆಗಳಿಗೆ. ತೋಟಿ ಸತ್ತರೆ ಅವನ ಮಗ ತಮಟೆ ಎತ್ಕೋಬೇಕಿತ್ತು, ಅಷ್ಟೇ.

ಇನ್ನು ನನ್ನ ತಮ್ಮನ ಚೀಟಿ. ಇದರ ಚರಿತ್ರೆಯಲ್ಲಿ ನಮ್ಮವರ ಕೈ ಇದೆ. ಬಾಬಾಸಾಹೇಬರು 1942ರಿಂದ 1946ರ ತನಕ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರು. ಇಂಗ್ಲೆಂಡಿನಲ್ಲಿ ಬೆವರಿಜ್ ವರದಿ ಬಂದಿದ್ದು 1942ರ ಕೊನೆಯಲ್ಲಿ. 1943ರಲ್ಲಿ ಇಲ್ಲಿ ಪ್ರೊ. ಬಿ.ಪಿ. ಅಡಾರ್ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಮಾಡೋ ಕೆಲಸ ವಹಿಸಲಾಯ್ತು. 1944ರಲ್ಲಿ ವರದಿ ಬಂತು. ಅದೇ 1948ರ ಇಎಸ್‌ಐ ಕಾಯ್ದೆಗೆ ತಳಹದಿ. ಅದು ಪಾಸಾದಾಗ ಕಾರ್ಮಿಕ ಸಚಿವರು ಬಾಬು ಜಗಜೀವನ್ ರಾಂ. 1952ರ ಪಿಎಫ್ ಕಾಯ್ದೆ ಬಂದಾಗಲೂ ಅವರೇ. ಖಾಸಗಿ ಕಾರ್ಮಿಕನ ವಿಮೆಗೆ ಅಡಿಪಾಯ ಹಾಕಿದ ಕಾಲದಲ್ಲಿ ಆ ಖಾತೆ ಒಬ್ಬರಾದ ಮೇಲೆ ಒಬ್ಬರು, ಇಬ್ಬರು ದಲಿತರ ಕೈಯಲ್ಲಿತ್ತು. ಇದನ್ನ ನಮ್ಮ ಮಕ್ಕಳಿಗೆ ಯಾವ ಪಾಠದಲ್ಲಿ ಹೇಳಿಕೊಡ್ತಾರೆ?

ಆದ್ರೆ ಹೆಮ್ಮೆ ಪಟ್ಟು ಇಲ್ಲಿಗೇ ನಿಲ್ಲಿಸಬಾರದು. ಅಡಾರ್ಕರ್ ಯೋಜನೆ ಮಾಡಿದ್ದೇ ವರ್ಷಪೂರ್ತಿ ನಡೆಯೋ ಕಾರ್ಖಾನೆಗಳಿಗೆ. ಇಎಸ್‌ಐ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನ ಹೊರಗಿಟ್ಟಿತು. ಯಾವುವು ಅವು? ಸಕ್ಕರೆ, ಬೆಲ್ಲ, ಕಾಫಿ, ಟೀ, ಹತ್ತಿ ಬಿಡಿಸೋದು. ನಮ್ಮ ಕಡೆ ಕೆಲಸ ಅಂದ್ರೆ ಏನು ಹೇಳಿ? ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆ, ಆಲೆಮನೆ, ಹುಣಸೂರು ಪಿರಿಯಾಪಟ್ಟಣದ ಹೊಗೆಸೊಪ್ಪು, ಹೆಚ್.ಡಿ. ಕೋಟೆಯಿಂದ ಕೊಡಗಿನ ತೋಟಕ್ಕೆ ಕೂಲಿ. ಹೊಲದ ಕೂಲಿಗೆ ಇಎಸ್‌ಐ ಇಲ್ಲ. ಕಬ್ಬು ಕಡಿಯೋಳಿಗೆ ಇಲ್ಲ. ನಮ್ಮವ್ವ ಜೀವಮಾನವೆಲ್ಲ ನಾಟಿ, ಕಳೆ, ಕಬ್ಬು ಅಂತ ದುಡಿದಳು. ಎರಡು ಚೀಟಿಯಲ್ಲಿ ಯಾವುದರಲ್ಲೂ ಅವಳ ಹೆಸರು ಬರಲಿಲ್ಲ.

ಈಗ ಎರಡನ್ನೂ ಎದುರುಬದುರು ಇಟ್ಟು ನೋಡಿ.

ಕಾಯಿಲೆ: ಸರ್ಕಾರಿ ನೌಕರನಿಗೆ 1963ರ ವೈದ್ಯಕೀಯ ಹಾಜರಾತಿ ನಿಯಮ ಇದೆ, ರಜೆ ಇದೆ. ತಮ್ಮನಿಗೆ ಇಎಸ್‌ಐ. 2019ರಿಂದ ಕೆಲಸಗಾರನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನ ಶೇ. 70 ಕೂಲಿ. ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಕೆಲಸದಲ್ಲಿ ಪೆಟ್ಟು ಬಿದ್ದರೆ ಶೇ. 90. ಕಾಗದದ ಮೇಲೆ ಇದು ಒಳ್ಳೆ ಕಾಯ್ದೆ. ಆದ್ರೆ ತಿಂಗಳ ಸಂಬಳ 21,000 ದಾಟಿದ್ರೆ ನೀವು ಹೊರಗೆ.

ಮುಪ್ಪು: ಹಳೆ ಪಿಂಚಣಿಯಲ್ಲಿ ಪೂರ್ತಿ ಸೇವೆ ಮಾಡಿದವನಿಗೆ ಕೊನೆಯ ಸಂಬಳದ ಅರ್ಧ, ಜೊತೆಗೆ ತುಟ್ಟಿಭತ್ಯೆ. ಖಾಸಗಿಯವರಿಗೆ 1995ರ ಪಿಂಚಣಿ ಯೋಜನೆ. ಲೆಕ್ಕಕ್ಕೆ ಹಿಡಿಯೋ ಸಂಬಳದ ಮಿತಿ 2014ರಿಂದ 15,000. ಆ ಸಂಬಳಕ್ಕೆ 15 ವರ್ಷ ದುಡಿದರೆ ತಿಂಗಳಿಗೆ ಸುಮಾರು 3,214 ರೂಪಾಯಿ. ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿ. ತುಟ್ಟಿಭತ್ಯೆ ಇಲ್ಲ. ಹತ್ತು ವರ್ಷ ತುಂಬದಿದ್ರೆ ಪಿಂಚಣಿಯೇ ಇಲ್ಲ. ಗುತ್ತಿಗೆಯವರು ಸಿಕ್ಕಿಬೀಳೋದು ಇಲ್ಲೇ. ಗುತ್ತಿಗೆದಾರ ಬದಲಾದಾಗಲೆಲ್ಲ ಹಳೆ ಪಿಎಫ್ ಜೊತೆ ಪಿಂಚಣಿ ದುಡ್ಡನ್ನೂ ಬಿಡಿಸ್ಕೊಂಡು ಬಿಡ್ತಾರೆ. ಬಿಡಿಸಿಕೊಂಡ ಕೂಡಲೇ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತೆ. ನನ್ನ ತಮ್ಮ ಮೂರು ಸಲ ಬಿಡಿಸಿದ್ದಾನೆ. ಒಂದ್ಸಲ ಮಗಳ ಫೀಸಿಗೆ, ಎರಡು ಸಲ ಸಾಲಕ್ಕೆ.

ಒಂದು ಮಾತು ಹೇಳಲೇಬೇಕು. 2016ರಲ್ಲಿ ಮೆಷಿನ್ನಿಗೆ ಸಿಕ್ಕಿ ತಮ್ಮನ ಬಲಗೈಯ ಎರಡು ಬೆರಳು ಹೋಯ್ತು. ಗುತ್ತಿಗೆದಾರ ತಿಂಗಳು ತಿಂಗಳು ಇಎಸ್‌ಐ ಅಂತ ದುಡ್ಡು ಹಿಡೀತಿದ್ದ, ಕಟ್ಟಿರಲಿಲ್ಲ. ‘ಸೆಟ್ಲ್‌ಮೆಂಟ್ ಮಾಡ್ಕೊಳ್ಳಿ’ ಅಂತ ಒಂದಷ್ಟು ದುಡ್ಡು ತಂದು ಇಟ್ಟ. ‘ತಗೊ, ಕೋರ್ಟು ಕಚೇರಿ ಅಂತ ಯಾರು ಅಲೀತಾರೆ’ ಅಂತ ಹೇಳಿದವನು ನಾನೇ. ಬಿ.ಎ. ಓದಿದವನು, ಮೈಕಿನ ಮುಂದೆ ಅಂಬೇಡ್ಕರ್ ಅಂತ ಭಾಷಣ ಮಾಡೋನು. ಗುತ್ತಿಗೆದಾರ ಕಟ್ಟದಿದ್ರೆ ಮೂಲ ಮಾಲೀಕನೇ ಹೊಣೆ, ಕೆಲಸದಲ್ಲಾದ ಪೆಟ್ಟಿಗೆ ಮೊದಲ ದಿನದಿಂದಲೇ ಹಕ್ಕು ಇದೆ, ಅಂಗ ಊನವಾದ್ರೆ ಜೀವಮಾನವಿಡೀ ತಿಂಗಳ ಹಣ ಬರುತ್ತೆ ಅಂತ ನಾನು ಓದಿ ತಿಳ್ಕೊಂಡಿದ್ದು ಆಮೇಲೆ. ತಮ್ಮ ಇವತ್ತಿಗೂ ಆ ಬಗ್ಗೆ ಏನೂ ಅನ್ನಲ್ಲ.

ಸರ್ಕಾರಿ ಬಂಧುಗಳಿಗೂ ಒಂದು ಮಾತು. ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದ ನಮಗೆ ಹಳೆ ಪಿಂಚಣಿ ಇಲ್ಲ, ಎನ್‌ಪಿಎಸ್. ಮೀಸಲಾತಿಯಿಂದ ನಮ್ಮ ಮಕ್ಕಳು ಕಚೇರಿ ಬಾಗಿಲಿಗೆ ಬರೋ ಹೊತ್ತಿಗೆ ಒಳಗಿನ ಹಾಸಿಗೆ ಸುತ್ತಿಟ್ರು. ಅದಕ್ಕೆ ನಾವು ಹೋರಾಡ್ತೀವಿ, ಸರಿ. ಆದ್ರೆ ಅದೇ ಕಚೇರಿಯ ಕಸ ಗುಡಿಸೋ ಹೊರಗುತ್ತಿಗೆ ಅಕ್ಕನ ಪಿಎಫ್ ಕಟ್ಟಿದ್ದಾರಾ ಅಂತ ನಾವು ಯಾವತ್ತಾದರೂ ಕೇಳಿದ್ದೀವಾ? ಮೊದಲು ಡಿ ಗ್ರೂಪ್ ಹುದ್ದೆ ಆಗಿದ್ದ ಕೆಲಸ ಅದು. ಕೆಲಸ ಮಾಡೋರ ಜಾತಿ ಬದಲಾಗಿಲ್ಲ, ಭದ್ರತೆ ಮಾತ್ರ ಹೋಯ್ತು. ಹಾಗೆ ನೋಡಿದ್ರೆ ಇದು ತೋಟಿ ಕೆಲಸವೇ, ಹೆಸರು ಹೊಸದು.

1947ರಲ್ಲಿ ಬಾಬಾಸಾಹೇಬರು ಸಂವಿಧಾನ ಸಭೆಗಾಗಿ ‘ರಾಜ್ಯಗಳು ಮತ್ತು ಅಲ್ಪಸಂಖ್ಯಾತರು’ ಅನ್ನೋ ಮನವಿ ಬರೆದ್ರು. ಅದರಲ್ಲಿ ವಿಮೆ ಸರ್ಕಾರದ ಕೈಯಲ್ಲೇ ಇರಬೇಕು, ಪ್ರತಿಯೊಬ್ಬ ವಯಸ್ಕ ಪ್ರಜೆಗೂ ಅವರವರ ಕೂಲಿಗೆ ತಕ್ಕ ಜೀವವಿಮೆ ಕಡ್ಡಾಯ ಆಗಬೇಕು ಅಂತ ಕೇಳಿದ್ರು. ಇಎಸ್‌ಐ ಸಾಲದು ಅಂತ ಅವರಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತೆ. ಮೈಸೂರು 1891ರಲ್ಲಿ ತನ್ನ ನೌಕರರಿಗೆ ಮಾತ್ರ ಮಾಡಿದ್ದನ್ನ ಅವರು ಎಲ್ಲರಿಗೂ ಕೇಳಿದ್ರು. ನನಗೂ, ನನ್ನ ತಮ್ಮನಿಗೂ, ಕಬ್ಬು ಕಡಿಯೋ ನಮ್ಮವ್ವನಿಗೂ ಒಂದೇ ಚೀಟಿ. ಆ ಬೇಡಿಕೆ ಸಂವಿಧಾನದೊಳಗೆ ಬರಲಿಲ್ಲ. ನಮ್ಮ ಸಂಘಟನೆಗಳ ಬೇಡಿಕೆ ಪಟ್ಟಿಗಾದರೂ ಬರಲಿ.

ಅಲ್ಲಿ ತನಕ ಒಂದು ಕೆಲಸ ಮಾಡಿ. ಈ ಭಾನುವಾರ ನಿಮ್ಮ ಕೇರಿಯಲ್ಲಿ ಕೂತು ಒಬ್ಬೊಬ್ಬರದೇ ಪಿಎಫ್ ಪಾಸ್‌ಬುಕ್, ಇಎಸ್‌ಐ ನಂಬರು ಮೊಬೈಲಲ್ಲಿ ತೆಗೆದು ನೋಡಿ. ಹಿಡಿದ ದುಡ್ಡು ಕಟ್ಟಿದ್ದಾರಾ ನೋಡಿ. ಬೆರಳು ಹೋದ ಮೇಲೆ ನೋಡಿದವನು ಹೇಳ್ತಿದ್ದೀನಿ.

ಜೈ ಭೀಮ್.